ಅಪಾಯ ಮತ್ತು ಸಂದಿಗ್ಧತೆಯಲ್ಲಿ ಆರ್ಥಿಕ ನಿರ್ಧಾರ: ಯಾದಗಿರಿ, ಶಹಾಪುರ, ಸುರಪುರ

ಫಲ ಏನಾಗುವುದೆಂದು ಮೊದಲೇ ಗೊತ್ತಿಲ್ಲದ ಸ್ಥಿತಿಯಲ್ಲಿ ಹಣ, ಭೂಮಿ, ದುಡಿಮೆಗಳನ್ನು ಯಾವುದರಲ್ಲಿ ತೊಡಗಿಸಬೇಕೆಂದು ವ್ಯಕ್ತಿ ಅಥವಾ ಕುಟುಂಬ ಮಾಡುವ ಆಯ್ಕೆಯನ್ನು ಅಪಾಯ ಮತ್ತು ಸಂದಿಗ್ಧತೆಯಲ್ಲಿನ ಆರ್ಥಿಕ ನಿರ್ಧಾರ ಎನ್ನುತ್ತಾರೆ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹಾಗೂ ಅವುಗಳ ದಂಡೆಗಳಲ್ಲಿ ಹರಡಿರುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಇಂಥ ನಿರ್ಧಾರಗಳು ಬಹುಪಾಲು ಕೃಷಿಗೆ ಸಂಬಂಧಿಸಿವೆ. ಬೆಳೆಯ ಆಯ್ಕೆ, ಬಿತ್ತನೆಯ ಕಾಲ, ಸಾಲ, ಗೇಣಿ, ಮಾರಾಟ ಮತ್ತು ಗುಳೆ ಇವುಗಳಲ್ಲಿ ಮುಖ್ಯವಾದವು. ಒಣಬೇಸಾಯ ಮತ್ತು ಕಾಲುವೆ ನೀರಾವರಿ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕ ಇರುವುದರಿಂದ, ಅಳೆಯಬಹುದಾದ ಅನಿಶ್ಚಿತತೆಯೂ ಅಳತೆಗೆ ಸಿಗದ ಅನಿಶ್ಚಿತತೆಯೂ ಈ ಪ್ರದೇಶದಲ್ಲಿ ಒಟ್ಟಿಗೆ ಕಾಣುತ್ತವೆ.

ಪರಿಭಾಷೆ

ಈ ಲೇಖನದಲ್ಲಿ ಮೂರು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ಸಂಭವನೀಯ ಫಲಗಳು ಯಾವುವು, ಪ್ರತಿಯೊಂದಕ್ಕೂ ಎಷ್ಟು ಸಂಭವ ಎಂಬುದು ಗೊತ್ತಿದ್ದರೆ ಅದು ‘ಅಪಾಯ’. ಫಲಗಳು ಗೊತ್ತಿದ್ದು, ಅವುಗಳ ಸಂಭವ ಎಷ್ಟೆಂದು ಗೊತ್ತಿಲ್ಲದಿದ್ದರೆ, ಅಥವಾ ಅದರ ಬಗ್ಗೆ ಪರಸ್ಪರ ವಿರುದ್ಧವಾದ ಅಂದಾಜುಗಳಿದ್ದರೆ ಅದು ‘ಸಂದಿಗ್ಧತೆ’. ಎರಡನ್ನೂ ಒಳಗೊಂಡ ಸಾಮಾನ್ಯ ಹೆಸರು ‘ಅನಿಶ್ಚಿತತೆ’.

ಸರಾಸರಿ ಲಾಭ ಸಮನಾಗಿದ್ದಾಗ ಏರಿಳಿತ ಕಡಿಮೆಯಿರುವ ಆಯ್ಕೆಯತ್ತ ವಾಲುವುದು ಅಪಾಯವಿಮುಖತೆ. ಸಂಭವ ಗೊತ್ತಿರುವ ಆಯ್ಕೆಯನ್ನು ಗೊತ್ತಿಲ್ಲದ ಆಯ್ಕೆಗಿಂತ ಮೇಲೆಂದು ಬಗೆಯುವುದು ಸಂದಿಗ್ಧವಿಮುಖತೆ. ಲಾಭ ತರುವ ತೃಪ್ತಿಗಿಂತ ಅಷ್ಟೇ ಮೊತ್ತದ ನಷ್ಟ ತರುವ ನೋವಿಗೆ ಹೆಚ್ಚು ತೂಕ ಕೊಡುವುದು ನಷ್ಟವಿಮುಖತೆ. ಒಬ್ಬ ವ್ಯಕ್ತಿಯಲ್ಲಿ ಇವು ಮೂರೂ ಬೇರೆಬೇರೆ ಪ್ರಮಾಣದಲ್ಲಿರಬಹುದು.

ಸಿದ್ಧಾಂತದ ಬೆಳವಣಿಗೆ

ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬರ್ನೂಲಿ 1738ರಲ್ಲಿ, ಜನರು ಹಣದ ಸರಾಸರಿಯನ್ನಲ್ಲ, ಹಣದಿಂದ ದೊರೆಯುವ ತುಷ್ಟಿಗುಣದ ಸರಾಸರಿಯನ್ನು ಲೆಕ್ಕಹಾಕುತ್ತಾರೆ ಎಂಬ ವಿಚಾರ ಮಂಡಿಸಿದ. ಬಡವನಿಗೆ ನೂರು ರೂಪಾಯಿಯ ತುಷ್ಟಿಗುಣ ಹೆಚ್ಚು, ಸಿರಿವಂತನಿಗೆ ಕಡಿಮೆ; ಅಪಾಯವಿಮುಖತೆಗೆ ಮೂಲ ವಿವರಣೆ ಇದೇ. 1944ರಲ್ಲಿ ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಇದನ್ನು ನಿರೀಕ್ಷಿತ ತುಷ್ಟಿಗುಣ ಸಿದ್ಧಾಂತವಾಗಿ ಕಟ್ಟಿದರು. ಸಂಭವನೀಯತೆಯನ್ನು ವ್ಯಕ್ತಿಯ ಸ್ವಂತ ನಂಬಿಕೆಯಾಗಿ ಪರಿಗಣಿಸಿ ಲಿಯೊನಾರ್ಡ್ ಸ್ಯಾವೇಜ್ 1954ರಲ್ಲಿ ಅದನ್ನು ವಿಸ್ತರಿಸಿದ.

ಅಳೆಯಬಹುದಾದ ಅಪಾಯವನ್ನೂ ಅಳೆಯಲಾಗದ ಅನಿಶ್ಚಿತತೆಯನ್ನೂ ಬೇರ್ಪಡಿಸಿದವನು ಅಮೆರಿಕದ ಫ್ರಾಂಕ್ ನೈಟ್. ಅವನ ಗ್ರಂಥವೂ ಸಂಭವನೀಯತೆಯನ್ನು ಕುರಿತ ಜಾನ್ ಮೇನಾರ್ಡ್ ಕೇನ್ಸ್‌ನ ಗ್ರಂಥವೂ 1921ರಲ್ಲೇ ಪ್ರಕಟವಾದವು. ಡೇನಿಯಲ್ ಎಲ್ಸ್‌ಬರ್ಗ್ 1961ರಲ್ಲಿ ಈ ಭೇದವನ್ನು ಸರಳ ಆಯ್ಕೆಯೊಂದರ ಮೂಲಕ ತೋರಿಸಿದ. ಒಂದು ಪಾತ್ರೆಯಲ್ಲಿ 50 ಕೆಂಪು, 50 ಕಪ್ಪು ಚೆಂಡುಗಳಿವೆ. ಇನ್ನೊಂದರಲ್ಲೂ 100 ಚೆಂಡುಗಳಿವೆ, ಆದರೆ ಯಾವ ಬಣ್ಣದವು ಎಷ್ಟೆಂದು ತಿಳಿಸಿಲ್ಲ. ಯಾವ ಬಣ್ಣದ ಮೇಲೆ ಪಣ ಕಟ್ಟಲು ಹೇಳಿದರೂ ಹೆಚ್ಚಿನವರು ಮೊದಲ ಪಾತ್ರೆಯನ್ನೇ ಆರಿಸುತ್ತಾರೆ. ಎರಡನೆಯದರಲ್ಲಿ ಗೆಲ್ಲುವ ಸಂಭವ ಕಡಿಮೆ ಎನ್ನಲು ಆಧಾರವಿಲ್ಲ. ಅದು ತಿಳಿದಿಲ್ಲ ಎಂಬುದೇ ಅವರನ್ನು ದೂರವಿಡುತ್ತದೆ. ಇತ್ಝಾಕ್ ಗಿಲ್ಬೋವಾ ಮತ್ತು ಡೇವಿಡ್ ಶ್ಮೈಡ್ಲರ್ 1989ರಲ್ಲಿ ಈ ವರ್ತನೆಗೆ ಗಣಿತರೂಪ ನೀಡಿದರು. ಅವರ ಮಾದರಿಯಲ್ಲಿ ವ್ಯಕ್ತಿ ಸಾಧ್ಯವಿರುವ ಅಂದಾಜುಗಳಲ್ಲಿ ಅತಿ ಕೆಟ್ಟದ್ದನ್ನು ಎದುರಿಗಿಟ್ಟುಕೊಂಡು, ಆಗಲೂ ಹೆಚ್ಚು ದಕ್ಕುವುದನ್ನು ಆರಿಸುತ್ತಾನೆ.

ಡೇನಿಯಲ್ ಕಾನ್ಮನ್ ಮತ್ತು ಏಮಸ್ ಟ್ವರ್‌ಸ್ಕಿ 1979ರಲ್ಲಿ ಮಂಡಿಸಿದ ಪ್ರಾಸ್ಪೆಕ್ಟ್ ಸಿದ್ಧಾಂತದ ಪ್ರಕಾರ ಜನರು ಒಂದು ನಿರ್ದೇಶಬಿಂದುವಿನಿಂದ ಲಾಭನಷ್ಟಗಳನ್ನು ಅಳೆಯುತ್ತಾರೆ, ನಷ್ಟಕ್ಕೆ ಹೆಚ್ಚು ತೂಕ ಕೊಡುತ್ತಾರೆ, ಅತಿ ಸಣ್ಣ ಸಂಭವಗಳನ್ನು ಹಿಗ್ಗಿಸಿ ನೋಡುತ್ತಾರೆ. ಅವರ 1992ರ ಅಂದಾಜಿನಂತೆ ನಷ್ಟದ ತೂಕ ಲಾಭದ ತೂಕದ ಸುಮಾರು 2.25 ಪಟ್ಟು. ಕಾನ್ಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ಬಂತು. ಕೃಷಿ ಅರ್ಥಶಾಸ್ತ್ರದಲ್ಲಿ ಈ ಸಿದ್ಧಾಂತಗಳ ಜೊತೆಗೆ ಎ. ಡಿ. ರಾಯ್ 1952ರಲ್ಲಿ ಸೂಚಿಸಿದ ‘ಸುರಕ್ಷತೆ ಮೊದಲು’ ನಿಯಮವೂ ಬಳಕೆಯಲ್ಲಿದೆ. ಆದಾಯವು ಬದುಕಿಗೆ ಬೇಕಾದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯುವ ಸಂಭವವನ್ನು ತಗ್ಗಿಸುವುದೇ ಈ ನಿಯಮದಲ್ಲಿ ಮೊದಲ ಗುರಿ. ಲಾಭವನ್ನು ಹೆಚ್ಚಿಸುವುದು ಆಮೇಲಿನ ಮಾತು.

ಪ್ರದೇಶದ ಹಿನ್ನೆಲೆ

ಸುರಪುರ ನಾಯಕರ ಸಂಸ್ಥಾನವೂ ಯಾದಗಿರಿ, ಶಹಾಪುರಗಳೂ ಹೈದರಾಬಾದ್ ನಿಜಾಮನ ಆಡಳಿತಕ್ಕೆ ಸೇರಿ, 1948ರಲ್ಲಿ ಭಾರತ ಒಕ್ಕೂಟಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದವು. ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಯಿತು. ಮೊದಲಿದ್ದ ಮೂರು ತಾಲ್ಲೂಕುಗಳಿಂದ ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ರೂಪುಗೊಂಡವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ. ಶೇ 51.83ರಷ್ಟಿದ್ದ ಸಾಕ್ಷರತೆ ರಾಜ್ಯದಲ್ಲೇ ಅತಿ ಕಡಿಮೆಯಾಗಿತ್ತು. 2018ರಲ್ಲಿ ನೀತಿ ಆಯೋಗ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ಜಿಲ್ಲೆಯು ರಾಜ್ಯದ ಈಶಾನ್ಯ ಒಣವಲಯದಲ್ಲಿದೆ. ವಲಯದ ವಾರ್ಷಿಕ ಮಳೆ ಸುಮಾರು 630ರಿಂದ 810 ಮಿ.ಮೀ. ಎರೆ (ಕಪ್ಪು) ನೆಲ ತೇವವನ್ನು ಬಹುಕಾಲ ಹಿಡಿದಿಡುವುದರಿಂದ ಹಿಂಗಾರಿ ಜೋಳ, ಕಡಲೆ, ಹತ್ತಿ, ತೊಗರಿಗೆ ಒಗ್ಗುತ್ತದೆ. ಮಸಾರಿ (ಕೆಂಪು) ನೆಲ ಬೇಗ ಒಣಗುತ್ತದೆ. ಅಲ್ಲಿ ಸಜ್ಜೆ, ಶೇಂಗಾ, ಹೆಸರು ಹೆಚ್ಚು. ಒಂದೇ ಮಳೆ ಕೈಕೊಟ್ಟರೂ ಈ ಎರಡು ನೆಲಗಳಲ್ಲಿ ನಷ್ಟದ ಪ್ರಮಾಣ ಬೇರೆಯಾಗಿರುತ್ತದೆ.

ಈ ಎರಡು ಬಗೆಯ ಒಣಬೇಸಾಯದ ಜೊತೆಗೆ ಮೂರನೆಯ ಭೂಬಳಕೆ ಕಾಲುವೆ ನೀರಿನದು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. ಯೋಜನೆಯ ಮೊದಲೆರಡು ಹಂತಗಳಿಗೆ 173 ಟಿಎಂಸಿ ನೀರು, 6.22 ಲಕ್ಷ ಹೆಕ್ಟೇರ್ ಅಚ್ಚುಕಟ್ಟು ನಿಗದಿಯಾಗಿವೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಹುಣಸಗಿ, ಸುರಪುರ, ಶಹಾಪುರ ಭಾಗಕ್ಕೆ ನೀರುಣಿಸುತ್ತವೆ.

ಅನಿಶ್ಚಿತತೆಯ ಮೂಲಗಳು

ಮಳೆ. ದೀರ್ಘಕಾಲದ ದಾಖಲೆಗಳಿರುವುದರಿಂದ ಮಳೆಯ ಅನಿಶ್ಚಿತತೆ ಅಪಾಯಕ್ಕೆ ಹತ್ತಿರ. ಎಷ್ಟು ವರ್ಷಕ್ಕೊಮ್ಮೆ ಮುಂಗಾರು ತಡವಾಗುತ್ತದೆ, ಎಷ್ಟು ಬಾರಿ ಬಿತ್ತಿದ ಮೇಲೆ ಮಳೆ ತೆರಪು ಕೊಡುತ್ತದೆ ಎಂಬ ಅಂದಾಜು ರೈತರಿಗೂ ಇಲಾಖೆಗೂ ಇದೆ. ಆದರೆ ಸರಾಸರಿ ಮಳೆಗಿಂತ ಅದರ ಹಂಚಿಕೆ ಮುಖ್ಯ. ವರ್ಷದ ಒಟ್ಟು ಮಳೆ ಸರಾಸರಿ ಮುಟ್ಟಿದ್ದರೂ ತೊಗರಿ ಹೂಬಿಡುವಾಗ ತೇವ ಇಲ್ಲದಿದ್ದರೆ, ಅಥವಾ ಹೆಸರು ಕೊಯ್ಲಿಗೆ ಬಂದಾಗ ಜಡಿಮಳೆ ಹಿಡಿದರೆ ಬೆಳೆ ಕೈಗೆ ಸಿಗುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ನೆರೆ. 2009, 2019, 2020 ಮತ್ತು 2025ರಲ್ಲಿ ಉತ್ತರ ಕರ್ನಾಟಕದ ನದಿದಂಡೆಗಳಲ್ಲಿ ದೊಡ್ಡ ಪ್ರವಾಹಗಳು ಬಂದವು. 2019ರದು ಮುಖ್ಯವಾಗಿ ಕೃಷ್ಣೆಯದು, 2020 ಮತ್ತು 2025ರವು ಭೀಮೆಯವು. ಭೀಮೆಯ ನೆರೆ ಸ್ಥಳೀಯ ಮಳೆಯನ್ನಷ್ಟೇ ಅವಲಂಬಿಸಿಲ್ಲ; ಮಹಾರಾಷ್ಟ್ರದ ಉಜನಿ ಮೊದಲಾದ ಜಲಾಶಯಗಳಿಂದ ಹೊರಬಿಡುವ ನೀರೂ ಅದನ್ನು ನಿರ್ಧರಿಸುತ್ತದೆ.

ಕಾಲುವೆ ನೀರು. ನೀರು ಯಾವಾಗ, ಎಷ್ಟು ದಿನ ಹರಿಯುತ್ತದೆಂಬುದನ್ನು ಜಲಾಶಯದ ಸಂಗ್ರಹ ನೋಡಿ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಕೊರತೆಯ ಕಾಲದಲ್ಲಿ ‘ಚಾಲು–ಬಂದ್’ ಪದ್ಧತಿ ಜಾರಿಗೆ ಬರುತ್ತದೆ. ಯೋಜನೆಯ ವಿನ್ಯಾಸ ಲಘು ನೀರಾವರಿ ಬೆಳೆಗಳಿಗಾಗಿ ಆಗಿದ್ದರೂ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದೆ. ಅಧಿಕೃತ ಭಾಷೆಯಲ್ಲಿ ಅದು ಬೆಳೆ ಮಾದರಿಯ ಉಲ್ಲಂಘನೆ. ಹೀಗಾಗಿ ಕೊನೆಯ ಭಾಗದ ಹೊಲಕ್ಕೆ ನೀರು ಮುಟ್ಟುವ ಸಂಭವವು ಜಲಾಶಯದ ಮಟ್ಟ, ಸಮಿತಿಯ ತೀರ್ಮಾನ, ಮೇಲಿನ ರೈತರ ನಡೆ ಮೂರನ್ನೂ ಅವಲಂಬಿಸುತ್ತದೆ. ಹಿಂದಿನ ವರ್ಷಗಳ ದಾಖಲೆಯಿಂದ ಇದನ್ನು ಲೆಕ್ಕಹಾಕಲಾಗದು. ಇದು ಸಂದಿಗ್ಧತೆಯ ಸ್ಪಷ್ಟ ಉದಾಹರಣೆ.

ಬೆಲೆ. ಬಿತ್ತುವಾಗ ತಿಳಿದಿರುವುದು ಹಿಂದಿನ ಹಂಗಾಮಿನ ಬೆಲೆ; ಮಾರುವುದು ಐದಾರು ತಿಂಗಳ ನಂತರದ ಬೆಲೆಗೆ. 2015ರಲ್ಲಿ ತೊಗರಿ ಕ್ವಿಂಟಲಿಗೆ ₹10,000 ದಾಟಿತು. ಅದನ್ನು ನೋಡಿ ಮರುವರ್ಷ ಬಿತ್ತನೆ ವಿಸ್ತಾರಗೊಂಡಿತು, ಮಳೆಯೂ ಕೂಡಿಬಂತು, ಬೆಲೆ ಕುಸಿಯಿತು. 2016–17ರಲ್ಲಿ ₹425 ಬೋನಸ್ ಸೇರಿ ಬೆಂಬಲ ಬೆಲೆ ₹5,050 ಇದ್ದರೂ ಪೇಟೆಯ ದರ ಅದಕ್ಕಿಂತ ಕೆಳಗಿಳಿದು ಸರ್ಕಾರಿ ಖರೀದಿ ಕೇಂದ್ರಗಳನ್ನು ತೆರೆಯಬೇಕಾಯಿತು. 2022ರ ಆರಂಭದಲ್ಲಿ ಹತ್ತಿಯೂ ₹10,000 ಮುಟ್ಟಿ, ಮುಂದೆ ಅದಕ್ಕಿಂತ ಕೆಳಗಿಳಿಯಿತು. ಆಮದು ನೀತಿ ಬೆಲೆಯ ಅನಿಶ್ಚಿತತೆಗೆ ಇನ್ನೊಂದು ಪದರ ಸೇರಿಸುತ್ತದೆ. ತೊಗರಿಯ ಮುಕ್ತ ಆಮದಿಗೆ 2021ರ ಮೇ ತಿಂಗಳಲ್ಲಿ ಸಿಕ್ಕ ಅವಕಾಶ ಮತ್ತೆ ಮತ್ತೆ ವಿಸ್ತರಣೆಗೊಂಡಿದೆ. 2025ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹತ್ತಿಯ ಆಮದು ಸುಂಕವನ್ನು ತೆಗೆಯಲಾಗಿತ್ತು. ಬಿತ್ತುವ ರೈತನಿಗೆ ಇಂಥ ಆದೇಶಗಳ ಸಂಭವವನ್ನು ಅಂದಾಜು ಮಾಡುವ ದಾರಿ ಇಲ್ಲ.

ರೋಗ, ಕೀಟ, ಬೀಜ. ತೊಗರಿಗೆ ನೆಟೆ ರೋಗ, ಹತ್ತಿಗೆ ಗುಲಾಬಿ ಕಾಯಿಕೊರಕ ಮುಖ್ಯ ಶತ್ರುಗಳು. 2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ದೊರೆತಾಗ ಕಾಯಿಕೊರಕದ ಅಪಾಯ ತಗ್ಗಿತು. ಗುಲಾಬಿ ಕಾಯಿಕೊರಕ ನಿರೋಧಕತೆ ಬೆಳೆಸಿಕೊಂಡ ಮೇಲೆ ಆ ಅಪಾಯ ಮರಳಿತು. ಪ್ರತಿ ವರ್ಷ ಹೊಸ ಹೆಸರಿನ ಹೈಬ್ರಿಡ್ ಬೀಜಗಳು ಅಂಗಡಿಗೆ ಬರುವುದರಿಂದ ಅವುಗಳ ಇಳುವರಿಯ ಬಗ್ಗೆ ಸ್ವಂತ ಅನುಭವ ಕೂಡಿಬರಲು ಸಮಯ ಸಿಗುವುದಿಲ್ಲ.

ನಿರ್ಧಾರದ ರಚನೆ

ಕೃಷಿಯ ನಿರ್ಧಾರ ಒಂದೇ ಸಲಕ್ಕೆ ಮುಗಿಯುವುದಿಲ್ಲ. ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ನೆಲ ಹದಗೊಳಿಸುವುದು, ಹದಮಳೆ ನೋಡಿ ಬಿತ್ತುವುದು, ಮೊಳಕೆ ಒಣಗಿದರೆ ಹರಗಿ ಮರುಬಿತ್ತುವುದು, ಗೊಬ್ಬರ ಮತ್ತು ಔಷಧಿಗೆ ಇನ್ನಷ್ಟು ಹಣ ಹಾಕುವುದು ಅಥವಾ ನಿಲ್ಲಿಸುವುದು, ಕೊನೆಗೆ ಮಾರುವುದು ಅಥವಾ ಇಟ್ಟುಕೊಳ್ಳುವುದು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಹಂತದಲ್ಲೂ ಹೊಸ ಮಾಹಿತಿ ಸೇರುತ್ತದೆ, ಹಾಕಿದ ಖರ್ಚು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಕಾಯುವುದಕ್ಕೂ ಬೆಲೆಯಿದೆ. ಮುಂಗಾರಿನಲ್ಲಿ ಎರೆ ಹೊಲವನ್ನು ಖಾಲಿ ಬಿಟ್ಟು, ಉತ್ತರಾ ಮತ್ತು ಹಸ್ತಾ ಮಳೆಯ ತೇವದಲ್ಲಿ ಹಿಂಗಾರಿ ಜೋಳ ಬಿತ್ತುವ ಪದ್ಧತಿ ಈ ಬೆಲೆಯನ್ನು ಬಳಸಿಕೊಳ್ಳುವ ಕ್ರಮ. ನೆಲದಲ್ಲಿ ಎಷ್ಟು ತೇವ ಸೇರಿದೆಯೆಂಬುದು ಬಿತ್ತುವ ಮೊದಲೇ ಗೊತ್ತಿರುತ್ತದೆ.

ಸಿದ್ಧಾಂತಗಳ ವ್ಯತ್ಯಾಸವನ್ನು ಊಹಾ ಸಂಖ್ಯೆಗಳ ಉದಾಹರಣೆಯಿಂದ ತೋರಿಸಬಹುದು. ಒಳ್ಳೆಯ ವರ್ಷ, ಕೆಟ್ಟ ವರ್ಷಗಳ ಸಂಭವ ಸಮವೆಂದಿಟ್ಟುಕೊಂಡರೆ, ಎಕರೆ ಹತ್ತಿ ಒಳ್ಳೆಯ ವರ್ಷ ₹40,000 ಲಾಭ, ಕೆಟ್ಟ ವರ್ಷ ₹15,000 ನಷ್ಟ ತರುತ್ತದೆ. ಜೋಳ ₹14,000 ಅಥವಾ ₹4,000 ಲಾಭ ತರುತ್ತದೆ. ಹತ್ತಿಯ ನಿರೀಕ್ಷಿತ ಮೌಲ್ಯ ₹12,500, ಜೋಳದ್ದು ₹9,000. ಬರಿಯ ಸರಾಸರಿ ನೋಡಿದರೆ ಹತ್ತಿಯೇ ಮೇಲು. ನಷ್ಟಕ್ಕೆ 2.25 ಪಟ್ಟು ತೂಕ ಕೊಟ್ಟರೆ ಹತ್ತಿಯ ಮೌಲ್ಯ ₹3,125ಕ್ಕೆ ಇಳಿದು ಜೋಳ ಮೇಲಾಗುತ್ತದೆ. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಒಳ್ಳೆಯ ವರ್ಷದ ಸಂಭವ ಶೇ 30 ಇರಬಹುದು, ಶೇ 60 ಇರಬಹುದು ಎಂಬಷ್ಟೇ ಗೊತ್ತಿದ್ದರೆ, ಸಂದಿಗ್ಧವಿಮುಖನು ಶೇ 30ನ್ನೇ ಹಿಡಿಯುತ್ತಾನೆ. ಆಗ ಸರಾಸರಿಯ ಲೆಕ್ಕದಲ್ಲೂ ಹತ್ತಿಯದು ₹1,500, ಜೋಳದ್ದು ₹7,000.

ಲೆಕ್ಕ ಮನೋಭಾವದ ಮೇಲೆ ಮಾತ್ರ ನಿಂತಿಲ್ಲ. ಕೈಯಲ್ಲಿ ಉಳಿತಾಯ, ಪಡಿತರ, ಪಟ್ಟಣದಲ್ಲಿ ದುಡಿಯುವ ಮಗ ಇರುವ ಮನೆ ₹15,000 ನಷ್ಟವನ್ನು ತಡೆದುಕೊಂಡು ಹತ್ತಿ ಬಿತ್ತುತ್ತದೆ. ಇವಾವುವೂ ಇಲ್ಲದ ಮನೆ ಅದೇ ಮನೋಭಾವದಲ್ಲಿದ್ದರೂ ಜೋಳಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಇದೆ. ಸಾಲದ ಹೊರೆ ಸಣ್ಣ ಲಾಭದಿಂದ ತೀರುವಂತಿಲ್ಲದಿದ್ದಾಗ, ದೊಡ್ಡ ಲಾಭದ ಬೆಳೆಯನ್ನೇ ಹಿಡಿಯುವುದು ಪ್ರಾಸ್ಪೆಕ್ಟ್ ಸಿದ್ಧಾಂತ ಹೇಳುವಂತೆ ನಷ್ಟದ ವಲಯದಲ್ಲಿರುವವರು ಅಪಾಯಕ್ಕೆ ಮುಂದಾಗುವ ವರ್ತನೆ.

ನಿರ್ಧಾರಗಳ ಪ್ರಕಾರಗಳು

ಬೆಳೆ ಸಂಯೋಜನೆ. ತೊಗರಿಯೊಂದಿಗೆ ಹೆಸರು, ಸಜ್ಜೆ, ಸೂರ್ಯಕಾಂತಿಗಳಲ್ಲಿ ಒಂದನ್ನು ಅಕ್ಕಡಿಯಾಗಿ ಬಿತ್ತುವುದು ಹಳೆಯ ಕ್ರಮ. ಹೆಸರು ಸುಮಾರು 65–70 ದಿನಗಳಲ್ಲಿ ಕೈಗೆ ಬಂದು ಹಬ್ಬದ ಖರ್ಚಿಗೂ ಕೂಲಿಗೂ ಆಗುತ್ತದೆ. ಆಳವಾಗಿ ಬೇರಿಳಿಸುವ ತೊಗರಿ ತಡವಾಗಿ ಬರುತ್ತದೆ. ಎರಡೂ ಒಂದೇ ತೆರಪಿಗೆ ಒಟ್ಟಿಗೆ ಹಾಳಾಗುವ ಸಂಭವ ಕಡಿಮೆ. ಬೇರೆಬೇರೆ ದಿಕ್ಕಿನಲ್ಲಿ, ಬೇರೆಬೇರೆ ಮಣ್ಣಿನಲ್ಲಿ ತುಂಡು ಹೊಲಗಳನ್ನು ಉಳಿಸಿಕೊಳ್ಳುವುದಕ್ಕೂ ಇದೇ ಫಲವಿದೆ. ಈ ಕ್ರಮಗಳ ಬೆಲೆಯೆಂದರೆ ಒಳ್ಳೆಯ ವರ್ಷದಲ್ಲಿ ಬಿಟ್ಟುಕೊಟ್ಟ ಲಾಭ.

ತಳಿಯ ಆಯ್ಕೆ. 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ತೊಗರಿ ನೆಟೆ ರೋಗ ತಡೆಯುವ ಗುಣದಿಂದ ಈ ಭಾಗದಲ್ಲಿ ಹರಡಿತು. ನಂತರ ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಮೊದಲಾದ ತಳಿಗಳು ಬಂದವು. ಹೊಸ ತಳಿಯನ್ನು ಮೊದಲು ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡುವುದು, ಪಕ್ಕದವರ ಫಸಲು ನೋಡಿ ಮರುವರ್ಷ ಹೆಚ್ಚಿಸುವುದು ಸಂದಿಗ್ಧತೆಯನ್ನು ಅಪಾಯವಾಗಿ ಮಾರ್ಪಡಿಸುವ ಕಲಿಕೆ.

ಗೇಣಿ. ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿಯನ್ನು ರದ್ದುಪಡಿಸಿದ್ದರಿಂದ ಇಂದು ನಡೆಯುವ ‘ಲೀಜ್’ ಮತ್ತು ‘ಪಾಲು’ ಒಪ್ಪಂದಗಳು ಬಹುತೇಕ ಬಾಯಿಮಾತಿನವು. ಲೀಜಿನಲ್ಲಿ ಒಡೆಯನಿಗೆ ನಿಗದಿತ ಹಣ ಮುಂಚೆಯೇ ಸಲ್ಲುತ್ತದೆ. ಬೆಳೆಯ ಅಪಾಯವೆಲ್ಲ ಮಾಡುವವನ ಮೇಲೆ. ಪಾಲಿನಲ್ಲಿ ಅಪಾಯ ಇಬ್ಬರಿಗೂ ಹಂಚಿಹೋಗುತ್ತದೆ. ಕಾಲುವೆ ಭಾಗದಲ್ಲಿ ಆಂಧ್ರದಿಂದ ಬಂದು ‘ಕ್ಯಾಂಪ್’ಗಳಲ್ಲಿ ನೆಲೆಸಿದ ರೈತರು ಭತ್ತಕ್ಕಾಗಿ ಹೊಲ ಲೀಜಿಗೆ ಹಿಡಿಯುವುದು ರೂಢಿ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬೆಳೆಸಾಲ, ವಿಮೆ, ಪರಿಹಾರ ದೊರೆಯುವುದು ಕಷ್ಟವಾದ್ದರಿಂದ ಅವರ ಅಪಾಯ ಇನ್ನೂ ಹೆಚ್ಚು.

ಸಾಲ ಮತ್ತು ಮಾರಾಟ. ಸಹಕಾರ ಸಂಘ, ಗ್ರಾಮೀಣ ಬ್ಯಾಂಕು, ಸ್ವಸಹಾಯ ಗುಂಪು, ಮೈಕ್ರೊಫೈನಾನ್ಸ್, ಗೊಬ್ಬರದಂಗಡಿಯ ಉದ್ರಿ, ಅಡತಿಯ ಮುಂಗಡ ಇವು ಸಾಲದ ಮೂಲಗಳು. ಅಡತಿಯಿಂದ ಮುಂಗಡ ಪಡೆದವನು ಮಾಲನ್ನು ಅದೇ ಅಂಗಡಿಗೆ ಹಾಕಬೇಕಾಗುತ್ತದೆ. ಸಾಲದ ನಿರ್ಧಾರವೇ ಮಾರಾಟದ ನಿರ್ಧಾರವನ್ನೂ ಮುಗಿಸಿಬಿಡುತ್ತದೆ. ಬೆಲೆ ಏರುವವರೆಗೆ ಕಾಳು ಇಟ್ಟುಕೊಳ್ಳುವುದು ಸಾಲದ ಒತ್ತಡವಿಲ್ಲದವರಿಗೆ ಮಾತ್ರ ಸಾಧ್ಯ. ನೆಲದಡಿಯ ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಳೆಯ ರೂಢಿ ಬೆಲೆಯ ಲಾಭಕ್ಕಿಂತ ಬರಗಾಲದ ಊಟಕ್ಕಾಗಿ ಇತ್ತು.

ಗುಳೆ. ಹಿಂಗಾರಿ ಭರವಸೆ ಇಲ್ಲದ ಊರುಗಳಿಂದ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತವೆ. ಮುಂಬೈ–ಚೆನ್ನೈ ರೈಲುಮಾರ್ಗ ಯಾದಗಿರಿ ಮೂಲಕ ಹಾಯುವುದು ಇದಕ್ಕೆ ಅನುಕೂಲ. ನಗರದ ಕೂಲಿ ಊರಿನ ಮಳೆಯೊಂದಿಗೆ ಏರಿಳಿಯದ ಆದಾಯ. ಮೊದಲ ಸಲ ಹೋಗುವವರಿಗೆ ಕೆಲಸ, ವಸತಿ, ಕೂಲಿ ಎಲ್ಲವೂ ಸಂದಿಗ್ಧ; ಆದ್ದರಿಂದ ಊರಿನವರು, ನೆಂಟರು ಮೊದಲೇ ಇರುವ ಸ್ಥಳಕ್ಕೇ ಹೋಗುವುದು ರೂಢಿ. ಮೇಸ್ತ್ರಿಯ ಮುಂಗಡ ಈ ಸಂದಿಗ್ಧತೆಯನ್ನು ತಗ್ಗಿಸಿದರೂ ಕೆಲಸ ಬಿಡುವ ಸ್ವಾತಂತ್ರ್ಯವನ್ನು ಕಸಿಯುತ್ತದೆ.

ಜಮೀನು. ಯಾದಗಿರಿ ಬಳಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಭೂಸ್ವಾಧೀನವಾದಾಗ ಭೂಮಿ ಹೋಗಿ ನಗದು ಪರಿಹಾರ, ಉದ್ಯೋಗದ ನಿರೀಕ್ಷೆ ಬಂದವು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಗುರುತಿಸಿದ ಮೇಲೆ ಭೂಮಿಯ ಬೆಲೆ, ನೀರು, ಆರೋಗ್ಯಗಳ ಕುರಿತ ಪ್ರಶ್ನೆಗಳು ಎದ್ದವು. ಹಿಂದಿನ ಅನುಭವವೇ ಇಲ್ಲದ ಇಂಥ ನಿರ್ಧಾರಗಳಲ್ಲಿ ಸಂಭವದ ಅಂದಾಜಿಗೆ ಸ್ಥಳೀಯ ಆಧಾರ ಇರುವುದಿಲ್ಲ.

ಕ್ಷೇತ್ರಾಧ್ಯಯನಗಳು

ಈ ಪ್ರದೇಶದ ಸುತ್ತಲಿನ ಒಣನಾಡು ಅಪಾಯದ ಅರ್ಥಶಾಸ್ತ್ರಕ್ಕೆ ಜಾಗತಿಕ ಮಟ್ಟದ ಕ್ಷೇತ್ರವಾಗಿದೆ. ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಗ್ರಾಮಮಟ್ಟದ ಅಧ್ಯಯನ ನಡೆಸಿತು. ಯಾದಗಿರಿಗೆ ಹೊಂದಿಕೊಂಡಿದ್ದ ಅಂದಿನ ಮಹಬೂಬ್‌ನಗರ ಜಿಲ್ಲೆಯ ಔರೇಪಲ್ಲಿ, ಡೋಕೂರು ಹಾಗೂ ಭೀಮಾ ಕಣಿವೆಯ ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಕಲ್ಮಣ್ ಅಧ್ಯಯನದ ಊರುಗಳಲ್ಲಿ ಸೇರಿದ್ದವು.

ಅರ್ಥಶಾಸ್ತ್ರಜ್ಞ ಹಾನ್ಸ್ ಬಿನ್ಸ್‌ವಾಂಗರ್ ಈ ಅಧ್ಯಯನದ ಊರುಗಳ ರೈತರಿಗೆ ನಾಣ್ಯ ಚಿಮ್ಮುವ ಪಂದ್ಯಗಳಲ್ಲಿ ನಿಜವಾದ ಹಣ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಪಣ ಚಿಕ್ಕದಿದ್ದಾಗ ಆಯ್ಕೆಗಳು ಚದುರಿದ್ದವು. ಪಣ ದೊಡ್ಡದಾದಂತೆ ಬಹುತೇಕರು ಮಧ್ಯಮ ಪ್ರಮಾಣದ ಅಪಾಯವಿಮುಖತೆಗೆ ಬಂದು ನಿಂತರು. ಆಸ್ತಿಯಿಂದ ಈ ಮನೋಭಾವದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಡವರು ಹೊಸ ತಂತ್ರಕ್ಕೆ ಹಿಂಜರಿಯಲು ಸ್ವಭಾವಕ್ಕಿಂತ ಸಾಲ, ನೀರು ಮೊದಲಾದ ಸೌಲಭ್ಯಗಳ ಕೊರತೆ ಕಾರಣ ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಬಿನ್ಸ್‌ವಾಂಗರ್ 1993ರಲ್ಲಿ, ಹವಾಮಾನದ ಅಪಾಯ ಹೆಚ್ಚಿದಾಗ ಬಡ ರೈತರು ಲಾಭವನ್ನು ಹೆಚ್ಚು ಬಿಟ್ಟುಕೊಟ್ಟು ಸುರಕ್ಷಿತ ಹೂಡಿಕೆಗೆ ಸರಿಯುತ್ತಾರೆಂದು ಇದೇ ಅಂಕಿಅಂಶಗಳಿಂದ ತೋರಿಸಿದರು. ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ, ದೂರದ ಊರಿಗೆ ಹೆಣ್ಣು ಕೊಡುವ ಸಂಬಂಧಗಳು ಬೇರೆ ಮಳೆಯ ಸೀಮೆಯ ನೆರವನ್ನು ಒದಗಿಸುತ್ತವೆ ಎಂದು ಗುರುತಿಸಿದರು. ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ, ಊರೊಳಗೆ ಕುಟುಂಬಗಳ ಅನುಭೋಗ ಅವರ ಆದಾಯದಷ್ಟು ಏರಿಳಿಯುವುದಿಲ್ಲವೆಂದು ಕಂಡ. ಆದರೆ ಇಡೀ ಸೀಮೆಗೆ ಬರ ಬಿದ್ದಾಗ ಊರೊಳಗಿನ ಪರಸ್ಪರ ನೆರವು ಸಾಲದು.

ಭಾರತದ ಮೊದಲ ಮಳೆ ಸೂಚ್ಯಂಕ ವಿಮೆ 2003ರಲ್ಲಿ ಮಹಬೂಬ್‌ನಗರ ಜಿಲ್ಲೆಯ ಶೇಂಗಾ ಮತ್ತು ಔಡಲ ರೈತರಿಗೆ ಮಾರಾಟವಾಯಿತು. ಕ್ಸೇವಿಯರ್ ಗಿನೆ, ಟೌನ್‌ಸೆಂಡ್ ಮತ್ತು ಜೇಮ್ಸ್ ವಿಕರಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪಾಯವಿಮುಖರೇ ಈ ವಿಮೆಯನ್ನು ಕಡಿಮೆ ಕೊಂಡರು. ಅಪಾಯ ತಗ್ಗಿಸುವ ಸಾಧನವನ್ನು ಅದರ ಅಗತ್ಯ ಹೆಚ್ಚಿರುವವರೇ ದೂರವಿಟ್ಟದ್ದಕ್ಕೆ ವಿವರಣೆ ಸಂದಿಗ್ಧತೆಯಲ್ಲಿದೆ: ವಿಮೆ ಹಣ ಕೊಡುತ್ತದೋ ಇಲ್ಲವೋ ಎಂಬುದೇ ಅಪರಿಚಿತವಾಗಿತ್ತು. ವಿಮೆ ಮಾರುವ ಸಂಸ್ಥೆಯ ಪರಿಚಯ ಮತ್ತು ಕೈಯಲ್ಲಿ ನಗದು ಇರುವುದು ಖರೀದಿಯನ್ನು ಹೆಚ್ಚಿಸಿದವು.

ಅಪಾಯ ಹಂಚುವ ವ್ಯವಸ್ಥೆಗಳು

ಬೆಳೆವಿಮೆ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಜಾರಿಯಲ್ಲಿದೆ. ವಿಮಾ ಮೊತ್ತದ ಮೇಲೆ ರೈತರ ವಂತಿಗೆ ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಶೇ 2, ಹಿಂಗಾರಿಗೆ ಶೇ 1.5, ಹತ್ತಿಯಂಥ ವಾಣಿಜ್ಯ ಬೆಳೆಗಳಿಗೆ ಶೇ 5. ಉಳಿದದ್ದನ್ನು ಸರ್ಕಾರಗಳು ಭರಿಸುತ್ತವೆ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ಇಳುವರಿಯನ್ನು ಪರಿಹಾರ ಮಟ್ಟದಿಂದ ಗುಣಿಸಿ ಹೊಸ್ತಿಲು ಇಳುವರಿ ನಿಗದಿಯಾಗುತ್ತದೆ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಲ್ಲಿ ನಡೆಸಿದ ಬೆಳೆ ಕಟಾವು ಪ್ರಯೋಗದ ಇಳುವರಿ ಅದಕ್ಕಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ಪರಿಹಾರ ಬರುತ್ತದೆ. ಹೊಸ್ತಿಲು 8 ಕ್ವಿಂಟಲ್, ನಿಜ ಇಳುವರಿ 6 ಆದರೆ ವಿಮಾ ಮೊತ್ತದ ಶೇ 25 ಸಿಗುತ್ತದೆ. ಆಲಿಕಲ್ಲು, ಜಲಾವೃತದಂಥ ಸ್ಥಳೀಯ ಹಾನಿಗೆ 72 ಗಂಟೆಗಳೊಳಗೆ ದೂರು ಸಲ್ಲಿಸಬೇಕು. 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಇದು ಐಚ್ಛಿಕ.

ತನ್ನ ಹೊಲ ಹಾಳಾಗಿ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ರೈತನಿಗೆ ಪರಿಹಾರ ಬರುವುದಿಲ್ಲ. ಈ ಅಂತರಕ್ಕೆ ಆಧಾರ ಅಪಾಯ ಎಂದು ಹೆಸರು. ವಂತಿಗೆಯೂ ಹೋಗಿ ಬೆಳೆಯೂ ಹೋಗುವ ಸ್ಥಿತಿ ವಿಮೆ ಮಾಡಿಸದಿದ್ದಾಗಿನ ಅತಿ ಕೆಟ್ಟ ಸ್ಥಿತಿಗಿಂತಲೂ ಕೆಟ್ಟದು. ಸಂದಿಗ್ಧವಿಮುಖನು ಇದಕ್ಕೇ ಹೆಚ್ಚು ತೂಕ ಕೊಡುತ್ತಾನೆ.

ಇತರ ವ್ಯವಸ್ಥೆಗಳು. ಬೆಂಬಲ ಬೆಲೆ ಬೆಲೆಯ ಅಪಾಯಕ್ಕೆ ತಳ ಹಾಕುತ್ತದೆ. 2025–26ಕ್ಕೆ ತೊಗರಿಗೆ ಕ್ವಿಂಟಲಿಗೆ ₹8,000 ನಿಗದಿಯಾಗಿತ್ತು. ಆದರೆ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ತಲಾ ಎಷ್ಟು ಕ್ವಿಂಟಲ್ ಕೊಳ್ಳುತ್ತದೆ ಎಂಬುದು ಕೊನೆಯವರೆಗೂ ಸ್ಪಷ್ಟವಾಗುವುದಿಲ್ಲ. ಬರ ಮತ್ತು ನೆರೆಯ ಹಾನಿಗೆ ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಒಣಬೇಸಾಯಕ್ಕೆ ಹೆಕ್ಟೇರಿಗೆ ₹8,500, ನೀರಾವರಿಗೆ ₹17,000 ಎರಡು ಹೆಕ್ಟೇರ್ ಮಿತಿಯಲ್ಲಿ ನಿಗದಿಯಾಗಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನಗಳ ಕೂಲಿಯ ಹಕ್ಕು ನೀಡಿತು; 2006ರ ಮೊದಲ ಹಂತದಲ್ಲೇ ಅಂದಿನ ಗುಲ್ಬರ್ಗಾ ಜಿಲ್ಲೆ ಸೇರಿತ್ತು. 2013ರ ಅನ್ನಭಾಗ್ಯ, 2014ರ ಕೃಷಿಭಾಗ್ಯ ಹೊಂಡಗಳು, 2019ರ ಪಿಎಂ ಕಿಸಾನ್, 2023ರ ಗೃಹಲಕ್ಷ್ಮಿ ಇವು ಕನಿಷ್ಠ ಅನುಭೋಗವನ್ನು ಕಾಯುವ ಮೂಲಕ ನಿರ್ಧಾರದ ಮೇಲೆ ಪ್ರಭಾವ ಬೀರುತ್ತವೆ.

ಮಾಹಿತಿ ಮತ್ತು ನಂಬಿಕೆ

ಸಂದಿಗ್ಧತೆಯನ್ನು ತಗ್ಗಿಸುವ ಮುಖ್ಯ ಸಾಧನ ಮಾಹಿತಿ. ಮಳೆನಕ್ಷತ್ರಗಳ ಲೆಕ್ಕ ಬಿತ್ತನೆಯ ಪಂಚಾಂಗವಾಗಿ ಇಂದಿಗೂ ಬಳಕೆಯಲ್ಲಿದೆ. ಹುಣಸಗಿ ತಾಲ್ಲೂಕಿನ ಕೊಡೇಕಲ್ಲು ಬಸವಣ್ಣನವರ ಕಾಲಜ್ಞಾನ ಪರಂಪರೆ ಮುಂದಿನದನ್ನು ಕುರಿತ ನುಡಿಗಳಿಗೆ ಹೆಸರಾಗಿದೆ. ಹವಾಮಾನ ಇಲಾಖೆಯ ಮುನ್ಸೂಚನೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಪಂಚಾಯಿತಿ ಮಟ್ಟದ ಮಳೆಮಾಪಕಗಳು, 2019ರ ಮೇಘದೂತ್ ಆ್ಯಪ್, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಭೀಮರಾಯನಗುಡಿ ಕೃಷಿ ಕಾಲೇಜು ಮತ್ತು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಆಧುನಿಕ ಮೂಲಗಳು.

ಹವಾಮಾನ ಇಲಾಖೆಯ ಭಾಷೆಯಲ್ಲಿ ದೇಶಕ್ಕೆ ‘ವಾಡಿಕೆ ಮಳೆ’ ಎಂದರೆ ಮುಂಗಾರಿನ ದೀರ್ಘಾವಧಿ ಸರಾಸರಿಯಾದ 87 ಸೆಂ.ಮೀ.ನ ಶೇ 96ರಿಂದ 104. ಒಂದು ಹೋಬಳಿಯ ಬಿತ್ತನೆಗೆ ಇದರಿಂದ ಹೆಚ್ಚು ತಿಳಿಯುವುದಿಲ್ಲ. ಮುಂಗಾರು ಆ ಸೀಮೆಗೆ ಯಾವಾಗ ಇಳಿಯುತ್ತದೆಂಬುದು ಹೆಚ್ಚು ಉಪಯುಕ್ತ. ತೆಲಂಗಾಣದ 250 ಗ್ರಾಮಗಳಲ್ಲಿ ಫಿಯೊನಾ ಬರ್ಲಿಗ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಮುಂಗಾರು ತಡವೆಂದು ತಿಳಿದವರು ಬಿತ್ತನೆ ಪ್ರದೇಶ ತಗ್ಗಿಸಿದರು, ಬೇಗವೆಂದು ತಿಳಿದವರು ಹೂಡಿಕೆ ಹೆಚ್ಚಿಸಿದರು. ವಿಮೆ ಕೆಟ್ಟ ವರ್ಷದ ನಷ್ಟವನ್ನು ತುಂಬುತ್ತದೆ. ಮುನ್ಸೂಚನೆ ನಿರ್ಧಾರವನ್ನೇ ಬದಲಿಸುತ್ತದೆ.

ಇಂದಿನ ಸ್ಥಿತಿ

ಜಿಲ್ಲೆಯ ಒಣಬೇಸಾಯದಲ್ಲಿ ಹತ್ತಿ ಮತ್ತು ತೊಗರಿ, ಕಾಲುವೆ ಭಾಗದಲ್ಲಿ ಭತ್ತ ಮುಖ್ಯ ಬೆಳೆಗಳಾಗಿ ಮುಂದುವರಿದಿವೆ. ಜೋಳ, ಸಜ್ಜೆಗಳಿಂದ ನಗದು ಬೆಳೆಗಳತ್ತ ಆದ ಈ ಪಲ್ಲಟದಿಂದ ಮಳೆಯ ಅಪಾಯದ ಮೇಲೆ ಬೆಲೆ ಮತ್ತು ಸಾಲದ ಅನಿಶ್ಚಿತತೆ ಸೇರಿಕೊಂಡಿದೆ. ಪಡಿತರ ಧಾನ್ಯ ಊಟದ ಭಯವನ್ನು ತಗ್ಗಿಸಿರುವುದು ಈ ಪಲ್ಲಟಕ್ಕೆ ಅವಕಾಶ ಮಾಡಿಕೊಟ್ಟ ಕಾರಣಗಳಲ್ಲಿ ಒಂದು. ಬೆಲೆಯ ಕಡೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಸಾಲದ ಕಡೆ, ಕಿರುಸಾಲ (ಮೈಕ್ರೊಫೈನಾನ್ಸ್) ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಮುಂದೆ ಕಾಯ್ದೆ ಮಾಡಿತು.

ನೀತಿಯ ದೃಷ್ಟಿಯಿಂದ ಅಪಾಯ ಮತ್ತು ಸಂದಿಗ್ಧತೆಗೆ ಬೇಕಾದ ಪರಿಹಾರಗಳು ಬೇರೆ. ಮಳೆ ಮತ್ತು ರೋಗದ ಅಪಾಯಕ್ಕೆ ವಿಮೆ, ತಳಿ, ಹೊಂಡ, ಮಿಶ್ರಬೆಳೆ ಒದಗುತ್ತವೆ. ಕಾಲುವೆಯ ಸರದಿ, ಖರೀದಿ ಕೇಂದ್ರದ ದಿನಾಂಕ, ಆಮದು ಆದೇಶ, ವಿಮಾ ಪರಿಹಾರದ ಲೆಕ್ಕ ಇವುಗಳ ಸಂದಿಗ್ಧತೆ ಹುಟ್ಟುವುದು ಆಡಳಿತದ ತೀರ್ಮಾನಗಳಿಂದ; ಅವು ಬಿತ್ತನೆಗೆ ಮುಂಚೆ ಪ್ರಕಟವಾಗಿ ಹಾಗೆಯೇ ಉಳಿದರೆ ಅದರ ಬಹುಭಾಗ ಲೆಕ್ಕಹಾಕಬಹುದಾದ ಅಪಾಯವಾಗಿ ಮಾರ್ಪಡುತ್ತದೆ.